ನಾನು ರೊಟ್ಟಿ ತಪಾಸಣೆ ಮಾಡಿದ್ದು

ನನ್ನ ಜೀವಮಾನದಲ್ಲಿ ನಾನು ಮಾಡಿದ ವ್ಯಾಪಾರ ಒಂದೇ ಒಂದು. ಹಳೇ ಪೇಪರ್ ಮಾರಿದ್ದು. ಅದರಲ್ಲೂ ಪೇಪರಿನವನು ತೂಕ ಹಾಕುವಾಗ ನಾನು ತಕ್ಕಡಿ ನೋಡುವುದು ಬಿಟ್ಟು, ಅವನು ಹೇಳುತ್ತಿದ್ದ ಅವನ ಮಗಳ ಮದುವೆ ಕಥೆ ಕೇಳುತ್ತ ನಿಂತಿದ್ದೆ ಎಂದು ನನ್ನ ಹೆಂಡತಿ ವನಜಾ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ. ಇಂಥ ನನ್ನನ್ನು ಒಂದು ಕಾಲೇಜು ಉದ್ಯಮಿಗಳನ್ನು ತಯಾರು ಮಾಡಲು ಕರೆಯಿತು. ನಾನು ಹೋದೆ. ಒಂದು ನಿಮಿಷವೂ ಯೋಚಿಸದೆ ಹೋದೆ.

ಕರೆದವರು ನಾಗರಾಜ್ ಮೇಷ್ಟ್ರು. ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ನನ್ನ ಜೊತೆ ಆರು ಸುತ್ತು ಹಾಕುವವರು. ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾರೆ. ಅವರ ಕಾಲೇಜಿನಲ್ಲಿ ಹೊಸದೊಂದು ಯೋಜನೆ ಬಂದಿತ್ತು. ಸ್ವಂತ ಉದ್ಯೋಗ ಶುರು ಮಾಡಬೇಕೆನ್ನುವ ಪ್ರತಿ ವಿದ್ಯಾರ್ಥಿಗೂ ಹೊರಗಿನ ಒಬ್ಬ ಹಿರಿಯರನ್ನು ಮಾರ್ಗದರ್ಶಿಯಾಗಿ ಕೊಡುವುದು. ಅದಕ್ಕೆ ಅವರಲ್ಲಿ ಮೆಂಟರ್ ಎಂದು ಹೆಸರು. ಐದನೇ ಸುತ್ತಿನಲ್ಲಿ ಮೇಷ್ಟ್ರು ವಿಷಯ ತೆಗೆದರು.

"ನಿಮ್ಮಂಥ ಅನುಭವಸ್ಥರು ಪಕ್ಕದಲ್ಲಿ ಇದ್ರೆ ಸಾಕು ಸಾರ್. ಮಕ್ಳು ತಾವೇ ದಾರಿ ಹುಡುಕ್ಕೋತಾರೆ."

ಈ ಮಾತಿನಲ್ಲಿ ಮುಖ್ಯವಾದದ್ದು 'ಪಕ್ಕದಲ್ಲಿ' ಎಂಬ ಪದ. ನನಗೆ ಕೇಳಿಸಿದ್ದು 'ಅನುಭವಸ್ಥರು' ಎಂಬುದು ಮಾತ್ರ. ಆರನೇ ಸುತ್ತನ್ನು ನಾನು ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ಮುಗಿಸಿದೆ.

ನನ್ನ ಅನುಭವ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಒಂದು ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಬೇರೆಯವರು ಮಾಡಿದ ವಸ್ತುವನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಸೀಸದಲ್ಲಿ 'ತಿರಸ್ಕೃತ' ಎಂದು ಬರೆಯುವುದು. ಇಷ್ಟೇ ಕೆಲಸ. ಮೂವತ್ತನಾಲ್ಕು ವರ್ಷದಲ್ಲಿ ನಾನಾಗಿ ಒಂದು ಮೊಳೆಯನ್ನೂ ಮಾಡಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ, ಒಂದು ವರ್ನಿಯರ್ ಕ್ಯಾಲಿಪರ್ ಕೊಟ್ಟು ಕಳಿಸಿದರು. ಸಣ್ಣ ವಸ್ತುಗಳ ದಪ್ಪ ಅಳೆಯುವ ಉಕ್ಕಿನ ಸಾಧನ ಅದು. ವನಜಾ ಅದನ್ನು ಷೋಕೇಸಿನಲ್ಲಿ ಇಟ್ಟಿದ್ದಳು. ಮೆಂಟರ್ ಆದ ದಿನ ನಾನು ಅದನ್ನು ಹೊರಗೆ ತೆಗೆದು ಎಣ್ಣೆ ಹಾಕಿ ಒರೆಸಿದೆ.

"ಮಾರೇನಹಳ್ಳಿ ಮಾರ್ಕೆಟ್ಟಲ್ಲಿ ನುಗ್ಗೇಕಾಯಿ ಚೌಕಾಸಿ ಮಾಡೋಕೆ ಹೋಗಿ, ಅವನು ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಬಂದೋರು ನೀವು" ಎಂದಳು ವನಜಾ.

ಅದು ಲೆಕ್ಕದ ಗೊಂದಲ, ಉದ್ಯಮಶೀಲತೆಯೇ ಬೇರೆ ಎಂದು ನಾನು ಗಂಭೀರವಾಗಿ ವಿವರಿಸಿದೆ. ಅವಳು ವಾದ ಮಾಡಲಿಲ್ಲ. ಅವಳು ವಾದ ಮಾಡದೆ ಇದ್ದಾಗಲೆಲ್ಲ ನನಗೆ ಕೇಡು ಕಾದಿರುತ್ತದೆ ಎಂಬುದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಬೇಕಿತ್ತು.

ನನ್ನ ಪಾಲಿಗೆ ಬಂದ ವಿದ್ಯಾರ್ಥಿನಿ ಶಿವಲೀಲಾ. ಬಾಗಲಕೋಟೆ ಕಡೆಯ ಹುಡುಗಿ. ಬಿ.ಕಾಂ. ಕೊನೆಯ ವರ್ಷ. ಉಲ್ಲಾಳದಲ್ಲಿ ಚಿಗವ್ವನ ಮನೆಯಲ್ಲಿದ್ದು ಓದುತ್ತಿದ್ದಳು. ಚಿಗವ್ವ ಎಂದರೆ ತಾಯಿಯ ತಂಗಿ, ಹೆಸರು ಕಾಶವ್ವ. ಈ ಕಾಶವ್ವ ಬೆಳಿಗ್ಗೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಮುತ್ತಲಿನವರಿಗೆ ಮಾರುತ್ತಿದ್ದಳು. ಮಧ್ಯಾಹ್ನ ಅತ್ತಿಗುಪ್ಪೆಯ ಒಂದು ಅಪಾರ್ಟ್‌ಮೆಂಟಿಗೆ ಹೋಗಿ ನಾಲ್ಕು ಮಹಡಿಯ ಮೆಟ್ಟಿಲು ಒರೆಸುತ್ತಿದ್ದಳು. ಮೊಣಕಾಲು ನೋವು. ಡಾಕ್ಟರು ಮೆಟ್ಟಿಲು ಬೇಡ ಎಂದಿದ್ದರು. ಡಾಕ್ಟರು ಹೇಳಿದರೆ ಮೆಟ್ಟಿಲು ಕಡಿಮೆಯಾಗುತ್ತದೆಯೇ?

ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಕೌಂಟರ್ ಖಾಲಿ ಇತ್ತು. ಆರು ವಾರದ ನಂತರ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಉದ್ಯೋಗವನ್ನು ಮೂರು ಜನರ ಸಮಿತಿಯ ಮುಂದೆ ತೋರಿಸಬೇಕು. ಸಮಿತಿ ಮೆಚ್ಚಿದ ಒಬ್ಬರಿಗೆ ಆ ಕೌಂಟರ್. ಅದು ಸಿಕ್ಕರೆ ಚಿಗವ್ವ ಮೆಟ್ಟಿಲು ಒರೆಸುವ ಕೆಲಸ ಬಿಡಬಹುದು. ಶಿವಲೀಲಾ ಮೊದಲನೇ ದಿನ ನನ್ನ ಮನೆಯ ಊಟದ ಮೇಜಿನ ತುದಿಯಲ್ಲಿ ಕೂತು, ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟೇ. ಹೇಳಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ ರೊಟ್ಟಿಗಳನ್ನು ನನ್ನ ಮುಂದೆ ಬಿಚ್ಚಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಕ್ಯಾಲಿಪರ್ ತೆಗೆದೆ.

ಒಂದನೇ ರೊಟ್ಟಿಗೂ ಎರಡನೇ ರೊಟ್ಟಿಗೂ ದಪ್ಪದಲ್ಲಿ ಒಂದೂವರೆ ಮಿಲಿಮೀಟರ್ ವ್ಯತ್ಯಾಸ! ಅಗಲದಲ್ಲಂತೂ ಕೇಳಲೇಬೇಡಿ. ಒಂದು ನನ್ನ ಊಟದ ತಟ್ಟೆಯಷ್ಟು, ಇನ್ನೊಂದು ವನಜಾಳ ತಿಂಡಿ ತಟ್ಟೆಯಷ್ಟು. ಒಂದೇ ಕೈಯಿಂದ, ಒಂದೇ ಹಿಟ್ಟಿನಿಂದ, ಒಂದೇ ಬೆಳಿಗ್ಗೆ ಬಂದ ವಸ್ತುಗಳು ಹೀಗಿದ್ದರೆ ಗ್ರಾಹಕನ ಗತಿಯೇನು ಎಂದು ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಶಿವಲೀಲಾ ಪೂರ್ತಿ ಕೇಳಿದಳು.

"ಆತ್ರೀ ಸರ್" ಎಂದಳು.

ಎಂಥ ವಿನಯ! ನನ್ನ ಸ್ವಂತ ಮಗ ಹುಟ್ಟಿದಾಗಿನಿಂದ ನನಗೆ ಒಂದು ಸಲ 'ಆಯ್ತು' ಅಂದಿಲ್ಲ. ನಾನು ಉಬ್ಬಿಹೋದೆ. ರಟ್ಟಿನ ಹಾಳೆಯಲ್ಲಿ ವೃತ್ತ ಕೊರೆದು ಒಂದು ಗೇಜು ಮಾಡಿಕೊಟ್ಟೆ. ರೊಟ್ಟಿಯ ಮೇಲೆ ಅದನ್ನು ಇಡಬೇಕು. ರೊಟ್ಟಿಯ ಅಂಚು ವೃತ್ತಕ್ಕೆ ಸರಿಯಾಗಿ ಕೂತರೆ ಪಾಸು. ಒಳಗೆ ಸಂದು ಕಂಡರೂ ಫೇಲು, ಹೊರಗೆ ಚಾಚಿದರೂ ಫೇಲು. ಶಿವಲೀಲಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬ್ಯಾಗಿನೊಳಗೆ ಪುಸ್ತಕಗಳ ಮಧ್ಯೆ ಇಟ್ಟುಕೊಂಡಳು.

ಆಮೇಲೆ ಪ್ರತಿ ಶನಿವಾರ ಅವಳು ಬರುವುದು, ನಾನು ಒಂದು ಹೊಸ ಸಲಹೆ ಕೊಡುವುದು, ಅವಳು 'ಆತ್ರೀ ಸರ್' ಎನ್ನುವುದು ನಿಯಮವಾಯಿತು. ಉಳಿದ ರೊಟ್ಟಿಗಳನ್ನು ಒಣಗಿಸಿ ಕಟಕ್ ರೊಟ್ಟಿ ಮಾಡಿ ಮಾರುತ್ತಾರೆಂದು ತಿಳಿಯಿತು. ಮುರಿದರೆ ಕಟ್ ಎನ್ನುವ, ತಿಂಗಳಾದರೂ ಕೆಡದ ರೊಟ್ಟಿ ಅದು. ಒಂದು ಸಂಸ್ಥೆಗೆ ಒಂದೇ ಉತ್ಪನ್ನ ಇರಬೇಕು ಎಂದು ಅದನ್ನು ನಿಲ್ಲಿಸಿದೆ. ಬಟ್ಟೆಯಲ್ಲಿ ಸುತ್ತುವುದು ಹಳ್ಳಿಯ ಪದ್ಧತಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ ಎಂದೆ. ಡಬ್ಬಿಯೊಳಗೆ ಬಿಸಿ ರೊಟ್ಟಿ ಬೆವರಿ ಅಂಟಾಗುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ. ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಹದಿನೆಂಟು ಪುಟದ ಒಂದು ಯೋಜನಾ ವರದಿಯನ್ನೂ ನಾನೇ ಕೂತು ಬರೆದೆ. ಅದರಲ್ಲಿ 'ರೊಟ್ಟಿ' ಎಂಬ ಪದ ಹನ್ನೊಂದನೇ ಪುಟದಲ್ಲಿ ಮೊದಲ ಬಾರಿಗೆ ಬರುತ್ತದೆ.

ಅವಳು ಮಾದರಿಗೆಂದು ತಂದ ರೊಟ್ಟಿಗಳಲ್ಲಿ ಗೇಜಿಗೆ ಕೂರದವು ನಮ್ಮ ಮನೆಯಲ್ಲೇ ಉಳಿಯುತ್ತಿದ್ದವು. ನಾನು ರಾತ್ರಿಗೆ ಮುದ್ದೆಯೇ ಬೇಕೆನ್ನುವವನು, ಮುಟ್ಟುತ್ತಿರಲಿಲ್ಲ. ವನಜಾ ಮಾತ್ರ ಒಂದೊಂದನ್ನೇ ಮುರಿದು, ಕಾಶವ್ವ ಕಳಿಸುತ್ತಿದ್ದ ಶೇಂಗಾ ಚಟ್ನಿಗೆ ಮೊಸರು ಹಾಕಿಕೊಂಡು, ಟಿ.ವಿ. ಮುಂದೆ ಕೂತು ತಿನ್ನುತ್ತಿದ್ದಳು.

"ನಿಮ್ಮ ತಿರಸ್ಕೃತ ತುಂಬಾ ಚೆನ್ನಾಗಿದೆ ಕಣ್ರೀ" ಎಂದಳು ಒಂದು ದಿನ. ನಾನು ಅದನ್ನು ತಾಂತ್ರಿಕ ಜ್ಞಾನವಿಲ್ಲದವರ ಅಭಿಪ್ರಾಯವೆಂದು ಪರಿಗಣಿಸಿ ಕೈಬಿಟ್ಟೆ.

ಇನ್ನೊಂದು ದಿನ, ಶಿವಲೀಲಾ ಹೋದ ಮೇಲೆ, ಆ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂದು ಒಂದು ಸಲವಾದರೂ ಕೇಳಿದ್ದೀರಾ ಎಂದು ವನಜಾ ಕೇಳಿದಳು. ಅವಳು ಎಲ್ಲದಕ್ಕೂ ಒಪ್ಪುತ್ತಿದ್ದಾಳಲ್ಲ, ಕೇಳುವುದೇನಿದೆ ಎಂದೆ. ಪಾರ್ಕಿನಲ್ಲಿ ನಾಗರಾಜ್ ಮೇಷ್ಟ್ರಿಗೂ ಅದನ್ನೇ ಹೇಳಿದೆ. ನನ್ನ ವಿದ್ಯಾರ್ಥಿನಿ ನನಗೆ ಇದುವರೆಗೂ ಒಂದು ಎದುರು ಮಾತು ಆಡಿಲ್ಲ! ಮೇಷ್ಟ್ರು ಯಾಕೋ ನಡಿಗೆ ನಿಧಾನ ಮಾಡಿ ನನ್ನ ಮುಖ ನೋಡಿದರು. ಅಭಿಮಾನದಿಂದ ನೋಡುತ್ತಿದ್ದಾರೆ ಎಂದುಕೊಂಡೆ.

ಆರನೇ ವಾರ ಬಂತು. ಸಮಿತಿ ಬರುವುದು ಶುಕ್ರವಾರ. ಮಂಗಳವಾರ ಸಂಜೆ ಶಿವಲೀಲಾ ಫೋನು ಮಾಡಿದಳು. ಧ್ವನಿ ಸಣ್ಣಗಿತ್ತು. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಾಳೆ ಎಂದಳು.

ನಡೆದದ್ದು ಹೀಗೆ. ನನ್ನ ಆಜ್ಞಾಧಾರಕ ಶಿಷ್ಯೆ ಆವತ್ತು ಬೆಳಿಗ್ಗೆ, ಬಾಗಿಲಲ್ಲಿ ಗಿರಾಕಿಗಳು ನಿಂತಿರುವಾಗಲೇ, ಹಂಚಿನಿಂದ ಇಳಿದ ಪ್ರತಿ ರೊಟ್ಟಿಯ ಮೇಲೂ ಗೇಜು ಇಟ್ಟಿದ್ದಳು. ಒಂದಾದ ಮೇಲೆ ಒಂದರಂತೆ ಹತ್ತೊಂಬತ್ತು ಫೇಲು. ಗಿರಾಕಿಯೊಬ್ಬ ನಕ್ಕ. ಕಾಶವ್ವ ನಾದಿದ ಹಿಟ್ಟನ್ನು ಮುಚ್ಚಿಟ್ಟಳು, ಕೈ ತೊಳೆದುಕೊಂಡಳು, ಒಲೆ ಆರಿಸಿದಳು. ನಿಮ್ಮ ಸರ್‌ಗೇ ಬಡಿಯಲು ಹೇಳು ಎಂದಳಂತೆ.

ಯಾವ ಬುದ್ಧಿವಂತನಿಗಾದರೂ ಅದು ಸಿಟ್ಟಿನ ಮಾತು ಎಂದು ತಿಳಿಯುತ್ತಿತ್ತು. ನಾನು ಅದನ್ನು ಪ್ರಸ್ತಾವನೆ ಎಂದು ತೆಗೆದುಕೊಂಡೆ. ಅಳಬೇಡ, ನಾಳೆ ಮನೆಗೆ ಬಾ, ಜೋಳದ ಹಿಟ್ಟು ನೀರು ಬೆಂಕಿ ಮೂರೇ ತಾನೇ, ಉಕ್ಕಿಗಿಂತ ಕಷ್ಟವೇ ಎಂದೆ.

"ಆತ್ರೀ ಸರ್" ಎಂದಳು.

ಬುಧವಾರ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ಸಂಕ್ಷಿಪ್ತವಾಗಿ ನಿವೇದಿಸಿಕೊಳ್ಳುತ್ತೇನೆ. ವನಜಾ ಬಾಗಿಲಿಗೆ ಅಡ್ಡ ಒಂದು ಕುರ್ಚಿ ಹಾಕಿಕೊಂಡು ಪ್ರೇಕ್ಷಕಿಯಾಗಿ ಕೂತಳು. ನಾನು ಜೋಳದ ಹಿಟ್ಟಿಗೆ ನಲ್ಲಿ ನೀರು ಸುರಿದು ಕಲಸಿದೆ. ಶಿವಲೀಲಾ ಪಕ್ಕದಲ್ಲಿ ನಿಂತು, ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಉಂಡೆ ಮಾಡಿದೆ, ಬಿರುಕು ಬಿಟ್ಟಿತು. ತಟ್ಟಿದೆ, ನಾಲ್ಕು ಭಾಗವಾಯಿತು. ನಾಲ್ಕನ್ನೂ ಸೇರಿಸಿ ಒತ್ತಿ ಎತ್ತಿದೆ, ಅರ್ಧ ಕೈಯಲ್ಲಿ ಬಂತು, ಅರ್ಧ ಕಟ್ಟೆಯ ಮೇಲೇ ಉಳಿಯಿತು. ಐದನೆಯದು ಹೇಗೋ ಕಾವಲಿಯವರೆಗೂ ಹೋಯಿತು. ಹೋಗಿ ಅಲ್ಲೇ ಅಂಟಿಕೊಂಡು ಹೊಗೆಯಾಡಿತು. ಮೇಲ್ಮನೆಯವರು ಇಳಿದು ಬಂದು, ಆಂಟಿ ಊರಲ್ಲಿಲ್ಲವಾ ಎಂದು ಕೇಳಿದರು. ಕುರ್ಚಿಯಲ್ಲಿ ಕೂತಿದ್ದ ವನಜಾ ಕೈ ಎತ್ತಿ ತೋರಿಸಿದಳು.

ಒಂದೂವರೆ ಗಂಟೆಯ ನಂತರ ಒಂದು ರೊಟ್ಟಿ ಪೂರ್ತಿಯಾಗಿ ಹೊರಬಂತು. ಆಕಾರದಲ್ಲಿ ಕರ್ನಾಟಕದ ಭೂಪಟವನ್ನು ಹೋಲುತ್ತಿತ್ತು, ಬೀದರ್ ಮಾತ್ರ ಸುಟ್ಟಿತ್ತು. ವನಜಾ ಎದ್ದು ಬಂದು, ಶಿವಲೀಲಾಳ ಬ್ಯಾಗಿನಿಂದ ಗೇಜು ತೆಗೆದು, ನನ್ನ ರೊಟ್ಟಿಯ ಮೇಲೆ ನಿಧಾನವಾಗಿ ಇಟ್ಟಳು.

ಆಮೇಲೆ ಶಿವಲೀಲಾಳ ಕಡೆ ತಿರುಗಿ, ರೊಟ್ಟಿ ಹಿಟ್ಟು ಹೀಗೇ ಕಲಸುವುದಾ ಎಂದು ಕೇಳಿದಳು. ಇಲ್ರೀ ಆಂಟಿ, ಕುದಿಯುವ ಎಸರು ಹಾಕಿ ಕಲಸಬೇಕು, ತಣ್ಣೀರಿಗೆ ಜೋಳ ಹೊಂದುವುದಿಲ್ಲ ಎಂದಳು ಹುಡುಗಿ.

"ಮತ್ತೆ ನೀನು ಯಾಕಮ್ಮಾ ಹೇಳ್ಲಿಲ್ಲ?"

"ಸರ್ ಕೇಳಲಿಲ್ರೀ."

ಅವಳು ಅದನ್ನು ದೂರಾಗಿ ಹೇಳಲಿಲ್ಲ. ಇವತ್ತು ಬುಧವಾರ ಎಂದಷ್ಟೇ ಸಹಜವಾಗಿ ಹೇಳಿದಳು. ಆದರೆ ನನಗೆ ಕಾವಲಿಯ ಹೊಗೆಗಿಂತ ಹೆಚ್ಚಾಗಿ ಅದು ತಟ್ಟಿತು. ಆರು ವಾರ. ಪ್ರತಿ ವಾರ ಎರಡು ಗಂಟೆ. ಅಷ್ಟೂ ಹೊತ್ತು ನಾನು ಮಾತಾಡಿದ್ದೆ. ನನ್ನ ಎದುರು ಕೂತವಳಿಗೆ ಎಲ್ಲ ಗೊತ್ತಿತ್ತು.

ಕಾಶವ್ವನ ಮುಖವನ್ನಾದರೂ ಒಂದು ಸಲ ನೋಡಿದ್ದೀರಾ ಎಂದು ವನಜಾ ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದಳು. ನೋಡಿರಲಿಲ್ಲ. ಅವಳ ರೊಟ್ಟಿಯನ್ನಾದರೂ ಒಂದು ಚೂರು ತಿಂದಿದ್ದೀರಾ ಎಂದಳು. ತಿಂದಿರಲಿಲ್ಲ. ನಾನು ಮುದ್ದೆ ಮುರಿಯುತ್ತ ತಟ್ಟೆ ನೋಡಿಕೊಂಡು ಕೂತೆ.

ಮಾರನೇ ದಿನ ಬೆಳಿಗ್ಗೆ ಉಲ್ಲಾಳದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತವನಿಗೆ ಯಾಕೋ ಮುನಿಸ್ವಾಮಿ ಮೇಸ್ತ್ರಿ ನೆನಪಾದರು. ನಾನು ಕಾರ್ಖಾನೆಗೆ ಸೇರಿದ ಹೊಸತರಲ್ಲಿ ನನ್ನನ್ನು ಅವರ ಯಂತ್ರದ ಪಕ್ಕ ನಿಲ್ಲಿಸಿದ್ದರು. ನಾನು ತುಂಡಿನ ಮೇಲೆ ತುಂಡು ಹಾಳು ಮಾಡುತ್ತಿದ್ದೆ. ಮೇಸ್ತ್ರಿ ಅಡಿಕೆ ಅಗಿಯುತ್ತ ನಿಂತಿರುತ್ತಿದ್ದರೇ ಹೊರತು ಕೈ ಹಾಕುತ್ತಿರಲಿಲ್ಲ. ಹಾಳಾದ ತುಂಡನ್ನು ನನ್ನ ಅಂಗೈಯಲ್ಲಿಟ್ಟು, ಎಲ್ಲಿ ತಪ್ಪಾಯ್ತು ಅನ್ಸುತ್ತೆ ನಿಂಗೆ ಎಂದು ಕೇಳಿ, ನಾನು ಉತ್ತರ ಹೇಳುವವರೆಗೂ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲೇ ನಾನು ಕೆಲಸ ಕಲಿತೆ. ಮೂರು ತಿಂಗಳಿಗೆ ತಪಾಸಣಾ ವಿಭಾಗಕ್ಕೆ ಹೋದೆ, ಕೆಂಪು ಸೀಸ ಕೈಗೆ ಬಂತು. ಆಮೇಲೆ ನಾನು ಯಾರನ್ನೂ ಹಾಗೆ ಕೇಳಿದ ನೆನಪಿಲ್ಲ. ಮೇಸ್ತ್ರಿಯನ್ನು ಇಷ್ಟು ವರ್ಷ ಮರೆತಿದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

ಕಾಶವ್ವನ ಮನೆ ಎರಡು ಕೋಣೆಯದು. ಒಲೆ ಹೊತ್ತಿತ್ತು. ದಿನದ ಗಿರಾಕಿಗಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ಎರಡನೇ ದಿನಕ್ಕೇ ಅವಳಿಗೆ ಮನಸ್ಸಾಗಿರಲಿಲ್ಲ, ನಿಲ್ಲಿಸಿದ್ದು ನನ್ನ ಶುಕ್ರವಾರದ ಸಮಿತಿಗೆ ಮಾತ್ರ ಎಂದು ಆಮೇಲೆ ತಿಳಿಯಿತು. ನಾನು ಯಾರೆಂದು ಶಿವಲೀಲಾ ಹೇಳಿದಾಗ ಜಗಳವಾಗುತ್ತದೆ ಎಂದುಕೊಂಡು ಚಪ್ಪಲಿಯನ್ನು ಪೂರ್ತಿ ಬಿಡದೆ ನಿಂತಿದ್ದೆ. ಕಾಶವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. ಒಂದು ಲೋಟ ನೀರು, ಅಂಗೈಯಗಲದ ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು.

"ಕುಂದರ್ರೀ. ಮೊದಲ ಉಣ್ರೀ. ಮಾತು ಎಲ್ಲಿ ಹೋಗ್ತಾವ?"

ಹಂಚಿನಿಂದ ಇಳಿದ ಎರಡು ರೊಟ್ಟಿ ನನ್ನ ತಟ್ಟೆಗೆ ಬಂದವು. ಹಾಳೆಯಷ್ಟು ತೆಳ್ಳಗಿದ್ದವು. ಜೊತೆಗೆ ಬದನೆಕಾಯಿ ಎಣ್ಣೆಗಾಯಿ. ಅತಿಥಿ ಎಂದು ವಿಶೇಷ ಮುತುವರ್ಜಿಯಿಂದ ತೆಳ್ಳಗೆ ಮಾಡಿದ್ದಾಳೆ ಎಂದು ಸಂತೋಷಪಟ್ಟುಕೊಂಡು ತಿಂದೆ. ಅರವತ್ತಮೂರು ವರ್ಷ ನಾನು ಏನು ತಿನ್ನುತ್ತಿದ್ದೆನೋ ಎನಿಸಿತು. ಆರು ವಾರ ನಾನು ತಿರಸ್ಕರಿಸಿದ್ದು ಇದನ್ನು!

ತಿನ್ನುತ್ತ ಬಾಗಿಲ ಕಡೆ ನೋಡುತ್ತಿದ್ದೆ. ಗಿರಾಕಿಗಳು ಬರುತ್ತಿದ್ದರು. ಕಟ್ಟಡದ ಕೆಲಸಕ್ಕೆ ಹೊರಟವನೊಬ್ಬ ಬಂದ. ಕಾಶವ್ವ ಅವನನ್ನು ಒಂದು ಸಲ ನೋಡಿ ದೊಡ್ಡ ಉಂಡೆ ಮುರಿದುಕೊಂಡಳು. ಬೈಕಿನಲ್ಲಿ ಊಟ ಹಂಚುವ ಹುಡುಗ ಬಂದ. ಅವನಿಗೆ ಸಣ್ಣದು, ಮಡಚಿ ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಹಾಸ್ಟೆಲಿನ ಹುಡುಗಿಯೊಬ್ಬಳು ಕಟಕ್ ರೊಟ್ಟಿ ಕೇಳಿ, ಈಗ ಮಾಡುತ್ತಿಲ್ಲವಂತೆ ಎಂದು ಬರಿಗೈಯಲ್ಲಿ ವಾಪಸಾದಳು. ಅದನ್ನು ನಿಲ್ಲಿಸಿದ ಮಹಾನುಭಾವ ಒಳಗೆ ಎಣ್ಣೆಗಾಯಿ ತಿನ್ನುತ್ತಿದ್ದಾನೆಂದು ಆ ಹುಡುಗಿಗೆ ಗೊತ್ತಿರಲಿಲ್ಲ.

ಪ್ರತಿಯೊಬ್ಬರಿಗೂ ಬೇರೆ ಅಳತೆ ಯಾಕೆ ಎಂದು ಕೊನೆಗೂ ಕೇಳಿದೆ. ಇದು ಆರು ವಾರದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ.

"ಮೈ ಬಗ್ಗಿಸಿ ದುಡಿಯಾವ್ರಿಗೆ ದಪ್ಪಂದು ಬೇಕ್ರೀ, ಹೊಟ್ಟಿ ತಡೀಬೇಕಲ್ಲ. ದಾರ್ಯಾಗ ತಿನ್ನಾವ್ರಿಗೆ ಸಣ್ಣದು. ಕುಂತ ಮಾತಾಡಾವ್ರಿಗೆ ತೆಳ್ಳಂದು, ಅರಗಬೇಕಲ್ಲ. ಬಂದವ್ರ ಮುಖ ನೋಡಿ ಬಡೀಬೇಕ್ರೀ. ರಟ್ಟು ನೋಡಿ ಹೆಂಗ ಬಡೀಲಿ?"

ಎಂಥ ತಿಳಿವಳಿಕೆ! ನಾನು ಜೇಬಿನಿಂದ ಪುಸ್ತಕ ತೆಗೆದು ಇದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ.

ಆಮೇಲೆ ಕ್ಷಮೆ ಕೇಳಿದೆ. ಕಾರ್ಖಾನೆಯಲ್ಲಿ ತಪಾಸಕ ಕ್ಷಮೆ ಕೇಳುವ ಪದ್ಧತಿ ಇಲ್ಲವಾದ್ದರಿಂದ ಅಭ್ಯಾಸವಿರಲಿಲ್ಲ, ಮಾತು ತೊದಲಿತು. ಕಾಶವ್ವ ಒಲೆಯ ಉರಿ ತಗ್ಗಿಸಿದಳು.

"ನೀವೇನ್ ಮಾಡ್ತೀರಿ ಬಿಡ್ರೀ. ಗುರುಗಳಿಗೆ ಇಲ್ಲ ಅನಬಾರದು ಅಂತ ಆಕೀಗೆ ಕಲಿಸ್ದಾಕಿ ನಾನ. ಹೊಟ್ಯಾಗ ಏನ್ ಐತಿ ಅಂತ ಹೇಳಾಕ ಕಲಿಸ್ಲಿಲ್ಲ. ಅದು ನಂದ ತಪ್ಪು."

ತಪ್ಪು ಅವಳದಾಗಿರಲಿಲ್ಲ. ನಾನು ಶಿವಲೀಲಾಳ ಕಡೆ ತಿರುಗಿದೆ. ಮುನಿಸ್ವಾಮಿ ಮೇಸ್ತ್ರಿಯ ಮಾತನ್ನೇ ಸಾಲ ತೆಗೆದುಕೊಂಡು, ನಿನಗೆ ಏನನ್ನಿಸುತ್ತೆ ಎಂದು ಕೇಳಿದೆ. ಅವಳು ನೆಲ ನೋಡಿದಳು. ಚಿಗವ್ವನನ್ನು ನೋಡಿದಳು. ನನ್ನ ನಾಲಿಗೆ ತುದಿಗೆ ಮೂರು ಸಲಹೆಗಳು ಬಂದವು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಮೂರನ್ನೂ ನುಂಗಿದೆ. ನನ್ನ ಜೀವನದ ಅತಿ ದೀರ್ಘವಾದ ಎರಡು ನಿಮಿಷ ಅದು.

ಆಮೇಲೆ ಹುಡುಗಿ ಮಾತಾಡಿದಳು. ತಡವರಿಸುತ್ತ ಶುರು ಮಾಡಿದವಳು ಹತ್ತು ನಿಮಿಷ ನಿಲ್ಲಲಿಲ್ಲ. ಡಬ್ಬಿ ಬೇಡ, ಅಲ್ಲೇ ಒಲೆ ಇಟ್ಟು ಬಿಸಿಯಾಗಿ ಕೊಡಬೇಕು. ಬಂದವರನ್ನು ಎಷ್ಟು ಹಸಿವು ಎಂದು ಕೇಳಿ ಬಡಿಯಬೇಕು. ಮಧ್ಯಾಹ್ನ ಉಳಿದದ್ದನ್ನು ಒಲೆಯ ಪಕ್ಕ ಆನಿಸಿ ಒಣಗಿಸಿದರೆ ಸಂಜೆ ಊರಿಗೆ ಹೋಗುವ ಹುಡುಗರು ಕಟಕ್ ರೊಟ್ಟಿ ಒಯ್ಯುತ್ತಾರೆ, ಏನೂ ಹಾಳಾಗುವುದಿಲ್ಲ. ಚಿಗವ್ವನ ಕೈ ಒಂದೇ ಸಾಲದು, ತಾನೂ ಬಡಿಯಲು ಕಲಿಯಬೇಕು. ನೀನು ಓದು ಎಂದು ಚಿಗವ್ವ ಇದುವರೆಗೆ ಹಿಟ್ಟು ಮುಟ್ಟಲು ಬಿಟ್ಟಿರಲಿಲ್ಲ. ನನ್ನ ಹದಿನೆಂಟು ಪುಟದಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಕಾಶವ್ವ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಶಿವಲೀಲಾ ಕೂತು ಬಡಿದಳು. ಅಂಚು ಸೀಳಿತು. ಚಿಗವ್ವ ಕೈ ಹಾಕಲಿಲ್ಲ. ಮತ್ತೆ ನಾದು ಎಂದಳು. ಮತ್ತೆ ಸೀಳಿತು. ಮತ್ತೆ ನಾದು ಎಂದಳು. ಏಳನೆಯದು ಗುಂಡಗೆ ಬಂತು. ಅಷ್ಟೂ ಹೊತ್ತು ಕಾಶವ್ವ ಅವಳ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ. ನಾಗರಾಜ್ ಮೇಷ್ಟ್ರು ಐದನೇ ಸುತ್ತಿನಲ್ಲಿ ಹೇಳಿದ್ದು ನನಗೆ ಆಗ ಕೇಳಿಸಿತು.

ಶುಕ್ರವಾರ ಕಾಲೇಜಿನ ಅಂಗಳದಲ್ಲಿ ಉಳಿದವರೆಲ್ಲ ಪರದೆ ಕಟ್ಟಿ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದರು. ನಮ್ಮದು ಒಂದು ಒಲೆ, ಒಂದು ಹಂಚು, ಎರಡು ಜೊತೆ ಕೈ. ಮೆಂಟರ್ ನಾಲ್ಕು ಮಾತಾಡಬೇಕೆಂಬ ನಿಯಮವಿತ್ತು. ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ವನಜಾ ಮುಂದಿನ ಸಾಲಿನಿಂದ ನೋಡುತ್ತಿದ್ದಳು. ಪುಟಗಳನ್ನು ಮಡಚಿ ಜೇಬಿಗಿಟ್ಟು, ರೊಟ್ಟಿ ಆರುವ ಮುಂಚೆ ತಿನ್ನಿ ಎಂದಷ್ಟೇ ಹೇಳಿ ಕೂತೆ. ಆವತ್ತು ಬಿದ್ದ ಚಪ್ಪಾಳೆ ನಾನು ಬೇಗ ಮುಗಿಸಿದ್ದಕ್ಕೆ.

ಸಮಿತಿಯ ಮೂವರೂ ತಿಂದರು. ಎರಡನೆಯದನ್ನೂ ಕೇಳಿದರು. ಕೊನೆಗೆ ಅಧ್ಯಕ್ಷೆ ಶಿವಲೀಲಾಳನ್ನು, ನಿಮ್ಮ ಮೆಂಟರಿಂದ ಏನು ಉಪಯೋಗವಾಯಿತಮ್ಮಾ ಎಂದು ಕೇಳಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಸರ್ ಹೇಳಿದ್ದೆಲ್ಲಾ ಮಾಡಿ ನೋಡಿದ್ವಿರೀ ಮೇಡಂ. ಒಂದೂ ಆಗಲಿಲ್ರೀ."

ಅಂಗಳವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳನ್ನು ನಾನು ಮದುವೆಯಾಗಿದ್ದೇನೆ. ನಗು ಇಳಿಯುವವರೆಗೆ ಶಿವಲೀಲಾ ಕಾದಳು. ಅವಳ ಮಾತು ಮುಗಿದಿರಲಿಲ್ಲ.

"ಆಮ್ಯಾಲ ಸರ್ ನಮ್ಮ ಮನಿಗೆ ಬಂದು, ಕುಂತು, ನಿನಗ ಏನ್ ಅನಸ್ತೈತಿ ಅಂತ ಕೇಳಿದ್ರೀ. ನನ್ನ ಹಂಗ ಯಾರೂ ಕೇಳಿರಲಿಲ್ರೀ."

ಇಲ್ಲಿ ಒಂದು ಹಾಸ್ಯದ ಮಾತು ಸೇರಿಸಬೇಕೆಂದು ಎರಡು ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ಅವಳ ಮಾತನ್ನು ಇದ್ದ ಹಾಗೆ ಬಿಟ್ಟು ಮುಂದೆ ಹೋಗುತ್ತೇನೆ.

ಕೌಂಟರ್ ಅವರಿಗೇ ಸಿಕ್ಕಿತು. ಸದ್ಯಕ್ಕೆ ಒಂದು ಸೆಮಿಸ್ಟರ್, ಚೆನ್ನಾಗಿ ನಡೆದರೆ ಮುಂದಕ್ಕೂ ಎಂದರು. ಕಾಶವ್ವ ಮರುವಾರವೇ ಅತ್ತಿಗುಪ್ಪೆಯ ಮೆಟ್ಟಿಲುಗಳಿಗೆ ನಮಸ್ಕಾರ ಹೇಳಿದಳು. ನಾನು ಈಗ ಪ್ರತಿ ಶನಿವಾರ ಆ ಕೌಂಟರಿಗೆ ಹೋಗುತ್ತೇನೆ. ಹಿಟ್ಟು ಜರಡಿ ಹಿಡಿಯುವ ಕೆಲಸ ಕೇಳಿ ಪಡೆದುಕೊಂಡಿದ್ದೇನೆ. ನನ್ನ ಹದಿನೆಂಟು ಪುಟದ ಯೋಜನಾ ವರದಿಯೂ ಕೊನೆಗೆ ಉಪಯೋಗಕ್ಕೆ ಬಂದಿದೆ. ಕಟಕ್ ರೊಟ್ಟಿಗಳ ಮಧ್ಯೆ ಒಂದೊಂದೇ ಪುಟ ಇಟ್ಟರೆ ತೇವ ಹೀರಿಕೊಳ್ಳುತ್ತದಂತೆ.

ಹೀಗೆ ಒಂದು ತಿಂಗಳು ಜರಡಿ ಹಿಡಿದ ಮೇಲೆ, ಕಳೆದ ಶನಿವಾರ ವನಜಾಳನ್ನೂ ಕರೆದುಕೊಂಡು ಹೋದೆ. ಮೆಂಟರ್ ಎಂದರೆ ಹೇಗೆ ದುಡಿಯಬೇಕು ಎಂಬುದನ್ನು ಅವಳು ಕಣ್ಣಾರೆ ನೋಡಲಿ ಎಂಬ ಆಸೆ. ದಾರಿಯುದ್ದಕ್ಕೂ ಅದನ್ನೇ ವಿವರಿಸಿದೆ. ಜರಡಿ ಹಿಡಿಯುವಾಗಲೂ ವಿವರಿಸಿದೆ. ಅಷ್ಟರಲ್ಲಿ ವನಜಾ ಸೆರಗು ಸಿಕ್ಕಿಸಿಕೊಂಡು ಎರಡು ರಾಶಿ ತಟ್ಟೆ ತೊಳೆದಿಟ್ಟಿದ್ದಳು. ಊಟದ ಹೊತ್ತಿಗೆ ಇಬ್ಬರೂ ಕೌಂಟರಿನ ಮುಂದೆ ನಿಂತೆವು. ಕಾಶವ್ವ ಹಿಟ್ಟು ಮುರಿಯುವ ಮುನ್ನ ಎಂದಿನಂತೆ ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿದಳು. ಬಡಿದಳು, ಬೇಯಿಸಿದಳು, ಕೊಟ್ಟಳು.

ವನಜಾಳ ರೊಟ್ಟಿ ದಪ್ಪಗಿತ್ತು. ನನ್ನದು ಹಾಳೆಯಷ್ಟು ತೆಳ್ಳಗಿತ್ತು. ಅಳೆಯಲು ಕ್ಯಾಲಿಪರ್ ಬೇಕಾಗಲಿಲ್ಲ.